ಕೋಚ್, ಮೆಂಟರ್, ಕನ್ಸಲ್ಟಂಟ್, ಆಪ್ತಸಮಾಲೋಚಕ: ಯಾರ ಕೆಲಸ ಯಾವುದು?

ಎಕ್ಸಿಕ್ಯುಟಿವ್ ಕೋಚಿಂಗ್ ಎಂದರೆ ಸಂಸ್ಥೆಯೊಂದರಲ್ಲಿ ಹೊಣೆಯ ಹುದ್ದೆಯಲ್ಲಿರುವ ವ್ಯಕ್ತಿಯು ತರಬೇತಿ ಪಡೆದ ಕೋಚ್ ಒಬ್ಬರ ಜೊತೆ, ಒಂದು ಸ್ಪಷ್ಟ ಗುರಿ ಇಟ್ಟುಕೊಂಡು ನಡೆಸುವ ಖಾಸಗಿ ಮಾತುಕತೆಗಳ ಸರಣಿ. ಸಾಮಾನ್ಯವಾಗಿ ಇದು ಆರು ತಿಂಗಳಿಂದ ಒಂದು ವರ್ಷದವರೆಗೆ ನಡೆಯುತ್ತದೆ. ಎರಡು ಮೂರು ವಾರಗಳಿಗೊಮ್ಮೆ ಇಬ್ಬರೂ ಗಂಟೆ, ಒಂದೂವರೆ ಗಂಟೆ ಕೂತು ಮಾತಾಡುತ್ತಾರೆ. ನಡುವಿನ ದಿನಗಳಲ್ಲಿ ಆ ವ್ಯಕ್ತಿ ತಾನು ಒಪ್ಪಿಕೊಂಡ ಹೊಸ ನಡವಳಿಕೆಯನ್ನು ಕೆಲಸದಲ್ಲಿ ಪ್ರಯೋಗಿಸಿ ನೋಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಶುಲ್ಕ ಕೊಡುವುದು ಸಂಸ್ಥೆ.

ಹೊರಗಿನಿಂದ ನೋಡಿದವರಿಗೆ ಇದು ಇಬ್ಬರು ಎದುರುಬದುರು ಕೂತು ಮಾತಾಡುವ ಕೆಲಸ. ಮೆಂಟರ್, ಕನ್ಸಲ್ಟಂಟ್, ಆಪ್ತಸಮಾಲೋಚಕ ಮಾಡುವುದೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಒಂದರ ಬದಲು ಇನ್ನೊಂದನ್ನು ಆರಿಸಿಕೊಳ್ಳುವುದು ಸುಲಭ, ಆ ತಪ್ಪಿನ ಬೆಲೆ ಮಾತ್ರ ದೊಡ್ಡದು. ಯಂತ್ರದ ದೋಷಕ್ಕೆ ಕೋಚ್‌ನನ್ನು ಕರೆದರೆ ಹಣ ಹೋಗುತ್ತದೆ. ಖಿನ್ನತೆಗೆ ಕೋಚ್‌ನನ್ನು ನೆಚ್ಚಿದರೆ ಜೀವಕ್ಕೇ ಅಪಾಯ ಬರಬಹುದು. ಈ ಸೇವೆಗಳನ್ನು ಬೇರ್ಪಡಿಸಲು ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಒಂದೇ ಪ್ರಶ್ನೆ: ಉತ್ತರವನ್ನು ಯಾರು ತರಬೇಕು, ಅದರ ಹೊಣೆಯನ್ನು ಯಾರು ಹೊರಬೇಕು?

ಟೆನಿಸ್ ಅಂಗಳದಿಂದ ಕಚೇರಿಗೆ

ಕೋಚಿಂಗ್‌ನ ಇಂದಿನ ಸ್ವರೂಪಕ್ಕೆ ಎರಡು ಬೇರುಗಳಿವೆ. ಒಂದು ಮನೋವಿಜ್ಞಾನದ್ದು. ಅಮೆರಿಕದ ಕಾರ್ಲ್ ರೋಜರ್ಸ್ 1942ರಲ್ಲಿ ಪ್ರಕಟಿಸಿದ ಆಪ್ತಸಮಾಲೋಚನೆಯ ಗ್ರಂಥದಲ್ಲಿ, ನೆರವು ಕೇಳಿ ಬಂದವರಿಗೆ ದಾರಿ ಹೇಳುವ ಬದಲು, ಅವರೇ ದಾರಿ ಕಂಡುಕೊಳ್ಳುವಂತೆ ಗಮನವಿಟ್ಟು ಆಲಿಸುವ ಕ್ರಮವನ್ನು ಮುಂದಿಟ್ಟರು. ತೀರ್ಪು ಕೊಡದೆ ಕೇಳಿಸಿಕೊಳ್ಳುವ ಈ ಪದ್ಧತಿಯನ್ನು ಮುಂದೆ ಕೋಚ್‌ಗಳೂ ಅಳವಡಿಸಿಕೊಂಡರು.

ಇನ್ನೊಂದು ಬೇರು ಕ್ರೀಡೆಯದು. ಟೆನಿಸ್ ಕಲಿಸುತ್ತಿದ್ದ ತಿಮೊತಿ ಗಾಲ್ವೇ 1974ರಲ್ಲಿ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಪುಸ್ತಕ ಬರೆದರು. ಆಟಗಾರನ ಮನಸ್ಸಿನಲ್ಲಿ ಎರಡು ದನಿಗಳಿರುತ್ತವೆ, ಒಂದು ಸದಾ ಆಜ್ಞೆ ಮಾಡುತ್ತ, ಬೈಯುತ್ತ ಇರುತ್ತದೆ, ಇನ್ನೊಂದು ಆಡುತ್ತದೆ, ಮೊದಲನೆಯದು ಸುಮ್ಮನಾದಷ್ಟೂ ಎರಡನೆಯದು ಚೆನ್ನಾಗಿ ಆಡುತ್ತದೆ ಎಂಬುದು ಅವರ ವಾದ. ಅವರು ಬಳಸುತ್ತಿದ್ದ ಒಂದು ಅಭ್ಯಾಸ ಬಹಳ ಸರಳ. ಚೆಂಡು ನೆಲಕ್ಕೆ ಬಿದ್ದಾಗ ಒಂದು ಪದ, ರ‍್ಯಾಕೆಟ್‌ಗೆ ತಾಗಿದಾಗ ಇನ್ನೊಂದು ಪದವನ್ನು ಆಟಗಾರ ಗಟ್ಟಿಯಾಗಿ ಹೇಳಬೇಕು. ಮೊಣಕೈ ಹೇಗಿರಬೇಕು, ಮಣಿಕಟ್ಟು ಹೇಗೆ ತಿರುಗಬೇಕು ಎಂಬ ಸೂಚನೆ ಒಂದೂ ಇಲ್ಲ. ಗಮನವೆಲ್ಲ ಚೆಂಡಿನ ಮೇಲೆ ನೆಟ್ಟಾಗ ಹೊಡೆತ ತಾನಾಗಿ ಸುಧಾರಿಸುವುದನ್ನು ಗಾಲ್ವೇ ಮತ್ತೆ ಮತ್ತೆ ಕಂಡರು.

ಈ ವಿಚಾರವನ್ನು ಬ್ರಿಟನ್ನಿಗೂ ಅಲ್ಲಿಂದ ಉದ್ಯಮ ಲೋಕಕ್ಕೂ ತಂದವರಲ್ಲಿ ಜಾನ್ ವಿಟ್‌ಮೋರ್ ಮುಖ್ಯರು. 1965ರ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಗೆದ್ದಿದ್ದ ಈ ರೇಸ್ ಚಾಲಕ ಗಾಲ್ವೇ ಅವರಿಂದ ಕಲಿತು, 1992ರಲ್ಲಿ ‘ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್’ ಪ್ರಕಟಿಸಿದರು. ‘ಗ್ರೋ’ ಎಂಬ ಮಾದರಿ ಜಗತ್ತಿನಾದ್ಯಂತ ಹರಡಿದ್ದು ಆ ಪುಸ್ತಕದ ಮೂಲಕ. ಗುರಿ ಏನು, ಈಗಿನ ವಾಸ್ತವ ಸ್ಥಿತಿ ಏನು, ಎದುರಿಗಿರುವ ದಾರಿಗಳು ಯಾವುವು, ಕೊನೆಗೆ ಮಾಡುವುದು ಏನನ್ನು ಎಂಬ ನಾಲ್ಕು ಹಂತಗಳಲ್ಲಿ ಮಾತುಕತೆ ಸಾಗಬೇಕು ಎನ್ನುತ್ತದೆ ಈ ಮಾದರಿ. ಅಮೆರಿಕದಲ್ಲಿ ಹಣಕಾಸು ಯೋಜಕರಾಗಿದ್ದ ಥಾಮಸ್ ಲಿಯೊನಾರ್ಡ್ 1992ರಲ್ಲಿ ಕೋಚ್‌ಗಳ ತರಬೇತಿ ಶಾಲೆಯನ್ನೂ 1995ರಲ್ಲಿ ಇಂಟರ್‌ನ್ಯಾಷನಲ್ ಕೋಚ್ ಫೆಡರೇಷನ್ ಅನ್ನೂ ಆರಂಭಿಸಿದರು. ಐಸಿಎಫ್ ಎಂದೇ ಹೆಸರಾದ ಆ ಸಂಸ್ಥೆ ಈಗ ಈ ವೃತ್ತಿಯ ಅತಿ ದೊಡ್ಡ ಒಕ್ಕೂಟ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಆಂಥನಿ ಗ್ರಾಂಟ್ 2000ದಲ್ಲಿ ಕೋಚಿಂಗ್ ಮನೋವಿಜ್ಞಾನದ ಘಟಕ ತೆರೆದ ಮೇಲೆ ವಿಷಯ ವಿಶ್ವವಿದ್ಯಾಲಯದ ಅಧ್ಯಯನಕ್ಕೂ ಒಳಪಟ್ಟಿತು.

ಒಂದು ಸಮಸ್ಯೆ, ಹಲವು ನೆರವು

ವ್ಯತ್ಯಾಸ ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ದುಡಿದ ಪ್ರೊಡಕ್ಷನ್ ಮ್ಯಾನೇಜರ್ ಒಬ್ಬರಿಗೆ ಇಡೀ ಘಟಕದ ಮುಖ್ಯಸ್ಥೆಯಾಗಿ ಬಡ್ತಿ ಸಿಕ್ಕಿದೆ. ಯಂತ್ರಗಳ ವಿಷಯದಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಬಡ್ತಿಯಾಗಿ ಆರು ತಿಂಗಳಲ್ಲಿ ಪರಿಸ್ಥಿತಿ ಬಿಗಡಾಯಿಸಿದೆ. ಬೆಳಗಿನ ಸಭೆಯಲ್ಲಿ ಆಕೆಯನ್ನು ಬಿಟ್ಟು ಯಾರೂ ಬಾಯಿ ತೆರೆಯುವುದಿಲ್ಲ. ಸಣ್ಣ ನಿರ್ಧಾರಕ್ಕೂ ಎಲ್ಲರೂ ಆಕೆಯ ಬಳಿಯೇ ಬರುತ್ತಾರೆ. ಇಬ್ಬರು ಒಳ್ಳೆಯ ಸೂಪರ್‌ವೈಸರ್‌ಗಳು ಕೆಲಸ ಬಿಟ್ಟಿದ್ದಾರೆ. ಸರಕು ಹೋಗುವುದು ತಡವಾಗುತ್ತಿದೆ. ಆಕೆ ಮನೆ ಸೇರುವಾಗ ರಾತ್ರಿ ಹತ್ತು.

ಈ ಒಂದೇ ಪರಿಸ್ಥಿತಿಯನ್ನು ಬೇರೆ ಬೇರೆ ವೃತ್ತಿಯವರು ಬೇರೆ ಬೇರೆ ಕಡೆಯಿಂದ ಹಿಡಿಯುತ್ತಾರೆ.

ಕನ್ಸಲ್ಟಂಟ್: ಪರಿಹಾರ ಕೊಡುವವರು

ಕನ್ಸಲ್ಟಂಟ್ ಬಂದರೆ ಮೊದಲು ನೋಡುವುದು ಉತ್ಪಾದನಾ ಸಾಲನ್ನು. ಯಾವ ಯಂತ್ರದ ಮುಂದೆ ಸರಕು ರಾಶಿ ಬೀಳುತ್ತಿದೆ, ಯಾವ ಪಾಳಿಯಲ್ಲಿ ದೋಷ ಹೆಚ್ಚು, ಅಂಕಿಸಂಖ್ಯೆ ಏನು ಹೇಳುತ್ತದೆ ಎಂದು ಅಳೆದು, ವರದಿ ಬರೆದು, ಹೀಗೆ ಮಾಡಿ ಎಂದು ಶಿಫಾರಸು ಕೊಡುತ್ತಾರೆ. ಜೇಮ್ಸ್ ಮೆಕಿನ್ಸೆ 1926ರಲ್ಲಿ ಷಿಕಾಗೋದಲ್ಲಿ ತಮ್ಮ ಸಂಸ್ಥೆ ತೆರೆದ ಕಾಲದಿಂದಲೂ ಈ ವೃತ್ತಿ ಮಾರುವುದು ತಜ್ಞತೆಯನ್ನು. ಇಲ್ಲಿ ಕಕ್ಷಿದಾರ ಸಂಸ್ಥೆಯೇ ಹೊರತು ವ್ಯಕ್ತಿಯಲ್ಲ. ಉತ್ತರ ತರುವ ಹೊಣೆ ಕನ್ಸಲ್ಟಂಟ್‌ನದು, ಅದು ತಪ್ಪಾದರೆ ದೂರು ಬರುವುದೂ ಅವರ ಮೇಲೆಯೇ.

ಈ ವೃತ್ತಿಯೊಳಗೂ ಕೋಚಿಂಗ್‌ಗೆ ಹತ್ತಿರದ ಒಂದು ಶಾಖೆಯಿದೆ. ಎಂಐಟಿಯ ಪ್ರಾಧ್ಯಾಪಕ ಎಡ್ಗರ್ ಶೈನ್ 1969ರ ತಮ್ಮ ಪುಸ್ತಕದಲ್ಲಿ ‘ಪ್ರೋಸೆಸ್ ಕನ್ಸಲ್ಟೇಷನ್’ ಎಂಬ ಕ್ರಮವನ್ನು ವಿವರಿಸಿದರು. ತಜ್ಞನಾಗಿ ಮಾಹಿತಿ ಮಾರುವುದು ಒಂದು ಬಗೆ, ವೈದ್ಯನಂತೆ ರೋಗ ಕಂಡುಹಿಡಿದು ಮದ್ದು ಬರೆಯುವುದು ಇನ್ನೊಂದು ಬಗೆ. ಸಂಸ್ಥೆಯವರೇ ತಮ್ಮ ಸಮಸ್ಯೆಯನ್ನು ಗುರುತಿಸಿ ಬಗೆಹರಿಸಿಕೊಳ್ಳಲು ಕಲಿಯುವಂತೆ ಜೊತೆಗಿರುವುದು ಮೂರನೆಯ ಬಗೆ ಎಂದು ಅವರು ವಿಂಗಡಿಸಿದರು. ಮೂರನೆಯದು ಕೋಚಿಂಗ್‌ನ ಹತ್ತಿರದ ಬಂಧು. ಆದರೆ ಕಂಪನಿಗಳು ದಿನನಿತ್ಯ ಕೊಳ್ಳುವ ಸಲಹಾ ಸೇವೆ ಬಹುತೇಕ ಮೊದಲ ಎರಡು ಬಗೆಯದೇ.

ತರಬೇತಿ: ಎಲ್ಲರಿಗೂ ಒಂದೇ ಪಾಠ

ತರಬೇತುದಾರರ ಬಳಿ ಹೋದರೆ ಹೊಸ ಮುಖ್ಯಸ್ಥೆಗೆ ಕೆಲಸ ಹಂಚಿಕೊಡುವ ಕಲೆಯ ಬಗ್ಗೆ ಎರಡು ದಿನದ ಕಾರ್ಯಾಗಾರ ಸಿಗುತ್ತದೆ. ಪಠ್ಯ ಮೊದಲೇ ಸಿದ್ಧವಾಗಿರುತ್ತದೆ. ಇಪ್ಪತ್ತು ಮೂವತ್ತು ಮಂದಿ ಒಟ್ಟಿಗೆ ಕೂತು ಅದನ್ನು ಕಲಿಯುತ್ತಾರೆ. ಗೊತ್ತಿಲ್ಲದ ಕೌಶಲವನ್ನು ಹಲವರಿಗೆ ಏಕಕಾಲಕ್ಕೆ ಕಲಿಸಬೇಕಾದಾಗ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೊಸದಾಗಿ ಸೇರಿದ ಎಂಜಿನಿಯರುಗಳನ್ನು ಇನ್ಫೊಸಿಸ್ ತನ್ನ ಮೈಸೂರು ಆವರಣದಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರು ಮಾಡುವುದು ಈ ಕ್ರಮದಲ್ಲಿಯೇ. ನಮ್ಮ ಊರುಗಳಲ್ಲಿ ನೀಟ್, ಕೆಎಎಸ್ ಪರೀಕ್ಷೆಗಳಿಗೆ ಕೋಚಿಂಗ್ ಎಂದು ನಡೆಯುವುದೂ ಸ್ವಭಾವದಲ್ಲಿ ತರಬೇತಿಯೇ: ಉತ್ತರ ಪುಸ್ತಕದಲ್ಲಿದೆ, ಕಲಿಸುವವರಿಗೆ ಗೊತ್ತಿದೆ, ಕಲಿಯುವವರಿಗೆ ದಾಟಿಸಬೇಕು.

ತರಬೇತಿಯ ಪರಿಣಾಮವನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಮೆಟ್ಟಿಲುಗಳನ್ನು ಸೂಚಿಸಿದರು: ಪಾಠ ಹಿಡಿಸಿತೇ, ಕಲಿತರೇ, ನಡವಳಿಕೆ ಬದಲಾಯಿತೇ, ಸಂಸ್ಥೆಗೆ ಫಲ ಸಿಕ್ಕಿತೇ. ಹೆಚ್ಚಿನ ತರಬೇತಿಗಳು ಎರಡನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಏರುವಾಗ ಮುಗ್ಗರಿಸುತ್ತವೆ. ಕೆಲಸ ಹಂಚಬೇಕು ಎಂದು ಪೀಣ್ಯದ ಮುಖ್ಯಸ್ಥೆಗೆ ಕಾರ್ಯಾಗಾರಕ್ಕೆ ಮೊದಲೂ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಯಂತ್ರ ನಿಂತಾಗ ಕೈ ಕಟ್ಟಿ ನಿಲ್ಲಲು ಆಗುವುದಿಲ್ಲ, ಅದೇ ತೊಡಕು. ಕೋಚಿಂಗ್ ಕೆಲಸ ಮಾಡುವುದು ಈ ತೊಡಕಿನ ಮೇಲೆ. 1997ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದರ 31 ಮ್ಯಾನೇಜರುಗಳ ಅಧ್ಯಯನ ಪ್ರಕಟವಾಯಿತು. ಬರೀ ತರಬೇತಿಯ ನಂತರ ಉತ್ಪಾದಕತೆ ಶೇ 22.4ರಷ್ಟು ಏರಿತ್ತು, ತರಬೇತಿಗೆ ಕೋಚಿಂಗ್ ಜೋಡಿಸಿದ ಮೇಲೆ ಏರಿಕೆ ಶೇ 88ಕ್ಕೆ ಮುಟ್ಟಿತ್ತು. ಹೋಲಿಕೆಗೆ ಪ್ರತ್ಯೇಕ ಗುಂಪು ಇಲ್ಲದ ಸಣ್ಣ ಅಧ್ಯಯನವಾದ್ದರಿಂದ ಈ ಅಂಕಿಯನ್ನು ಎಲ್ಲೆಡೆ ಅನ್ವಯಿಸುವಂತಿಲ್ಲ. ಕಲಿತದ್ದು ಕೈಗೆ ಬರಲು ಒಬ್ಬೊಬ್ಬರಿಗೂ ಪ್ರತ್ಯೇಕ ನೆರವು ಬೇಕಾಗಬಹುದು ಎಂಬುದನ್ನಂತೂ ಅದು ತೋರಿಸಿತು.

ಮೆಂಟರ್: ನಡೆದು ಬಂದ ದಾರಿ ತೋರಿಸುವವರು

ಮೆಂಟರ್ ಎಂದರೆ ಅದೇ ದಾರಿಯಲ್ಲಿ ಮುಂದೆ ನಡೆದಿರುವ ಹಿರಿಯರು. ಪೀಣ್ಯದ ಮುಖ್ಯಸ್ಥೆಗೆ ನಿವೃತ್ತ ಘಟಕ ಮುಖ್ಯಸ್ಥರೊಬ್ಬರು ಮೆಂಟರ್ ಆದರೆ, ಕಾರ್ಮಿಕ ಸಂಘದ ಜೊತೆ ಮಾತಾಡುವುದು ಹೇಗೆ, ಆಡಳಿತ ಮಂಡಳಿಯಲ್ಲಿ ಯಾರ ಮಾತಿಗೆ ತೂಕ ಎಂದು ಅನುಭವದಿಂದ ಹೇಳುತ್ತಾರೆ. ಬೇಕಾದವರಿಗೆ ಫೋನ್ ಮಾಡಿ ಪರಿಚಯಿಸುತ್ತಾರೆ. ಮುಂದಿನ ಬಡ್ತಿಯ ಹೊತ್ತಿಗೆ ಒಂದು ಒಳ್ಳೆಯ ಮಾತು ಆಡುತ್ತಾರೆ.

ಅಮೆರಿಕದ ಸಂಶೋಧಕಿ ಕ್ಯಾಥಿ ಕ್ರಾಮ್ 1985ರ ತಮ್ಮ ಪುಸ್ತಕದಲ್ಲಿ ಮೆಂಟರ್ ಮಾಡುವ ಕೆಲಸವನ್ನು ಎರಡು ಭಾಗ ಮಾಡಿದ್ದಾರೆ. ಅವಕಾಶ ಕೊಡಿಸುವುದು, ಹಿರಿಯರ ಕಣ್ಣಿಗೆ ಬೀಳುವಂತೆ ಮಾಡುವುದು, ಅಪಾಯದಿಂದ ಕಾಯುವುದು ವೃತ್ತಿಯ ಭಾಗ. ಮಾದರಿಯಾಗಿ ನಿಲ್ಲುವುದು, ಧೈರ್ಯ ತುಂಬುವುದು, ಸ್ನೇಹ ಕೊಡುವುದು ಮನಸ್ಸಿನ ಭಾಗ. ಈ ಸಂಬಂಧಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ, ಮುಗಿಯುವ ದಿನಾಂಕವಿಲ್ಲ. ಬೆಂಗಳೂರಿನ ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಕೇಂದ್ರದಲ್ಲಿ ನವೋದ್ಯಮಿಗಳಿಗೆ ಅನುಭವಿ ಉದ್ಯಮಿಗಳ ಒಡನಾಟ ಒದಗಿಸುವುದು ಇದೇ ತತ್ವದ ಮೇಲೆ.

ಕೋಚ್‌ಗೆ ಬಾಗಿಲು ತೆರೆಸುವ ಶಕ್ತಿ ಇಲ್ಲ, ಅದೇ ಕ್ಷೇತ್ರದ ಅನುಭವ ಇರಲೇಬೇಕೆಂದೂ ಇಲ್ಲ. ವಿಟ್‌ಮೋರ್ ತಮ್ಮ ಪುಸ್ತಕದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಟೆನಿಸ್ ಕಲಿಸುವವರ ಕೊರತೆಯಾದಾಗ, ಇನ್ನರ್ ಗೇಮ್ ವಿಧಾನ ಕಲಿತಿದ್ದ ಸ್ಕೀಯಿಂಗ್ ಶಿಕ್ಷಕರನ್ನೇ ಟೆನಿಸ್ ಅಂಗಳಕ್ಕಿಳಿಸಲಾಯಿತು. ಅವರು ಟೆನಿಸ್ ಶಿಕ್ಷಕರಷ್ಟೇ ಚೆನ್ನಾಗಿ ಕೆಲಸ ಮಾಡಿದರು. ಹೊಡೆತದ ತಪ್ಪು ಗುರುತಿಸುವ ತಾಂತ್ರಿಕ ಜ್ಞಾನ ಅವರಿಗಿರಲಿಲ್ಲ. ಆಟಗಾರ ತನ್ನ ದೇಹವನ್ನು ಹೇಗೆ ಬಳಸುತ್ತಿದ್ದಾನೆ ಎಂಬುದು ಮಾತ್ರ ಅವರಿಗೆ ಕಾಣುತ್ತಿತ್ತು, ಅದರ ಬಗ್ಗೆಯೇ ಅವರು ಪ್ರಶ್ನೆ ಕೇಳಿದರು.

ಭಾರತದ ಇತ್ತೀಚಿನ ಉದಾಹರಣೆ ಚದುರಂಗದ್ದು. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್ ಜೊತೆ ಎರಡು ಬಗೆಯ ನೆರವು ಇತ್ತು. ಆರಂಭದ ನಡೆಗಳ ಸಿದ್ಧತೆ, ಸ್ಥಾನಗಳ ವಿಶ್ಲೇಷಣೆ ನೋಡಿಕೊಂಡವರು ಪೋಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಗ್ರೆಗೋರ್ಜ್ ಗಾಯೆವ್‌ಸ್ಕಿ ಮತ್ತು ಅವರ ಬಳಗ. ಮನಸ್ಸಿನ ಸಿದ್ಧತೆಗೆ ಜೊತೆಯಾದವರು ದಕ್ಷಿಣ ಆಫ್ರಿಕಾದ ಪ್ಯಾಡಿ ಅಪ್ಟನ್. 2011ರಲ್ಲಿ ವಿಶ್ವಕಪ್ ಗೆದ್ದ ಭಾರತ ಕ್ರಿಕೆಟ್ ತಂಡದ ಜೊತೆಗಿದ್ದ ಅಪ್ಟನ್ ಚದುರಂಗದ ಪಟುವಲ್ಲ. ಆಟದ ವಿದ್ಯೆ ಒಬ್ಬರಿಂದ ಬಂತು, ಆ ವಿದ್ಯೆಯನ್ನು ಒತ್ತಡದಲ್ಲೂ ಪೂರ್ತಿಯಾಗಿ ಬಳಸುವ ನೆಲೆ ಇನ್ನೊಬ್ಬರ ಒಡನಾಟದಲ್ಲಿ ಗಟ್ಟಿಯಾಯಿತು.

ಮೇಲಧಿಕಾರಿ: ತೂಗುವವರು

ತಮ್ಮ ಕೈಕೆಳಗಿನವರನ್ನು ಬೆಳೆಸುವುದು ಪ್ರತಿ ಮೇಲಧಿಕಾರಿಯ ಕರ್ತವ್ಯ. ಒಳ್ಳೆಯ ಮೇಲಧಿಕಾರಿಗಳು ಕೋಚ್‌ನ ರೀತಿಯ ಪ್ರಶ್ನೆಗಳನ್ನೂ ಕೇಳುತ್ತಾರೆ. ಆದರೆ ಸಂಬಳ, ಬಡ್ತಿ, ವರ್ಗಾವಣೆ ಅವರ ಕೈಯಲ್ಲಿದೆ. ‘ಸಭೆಯಲ್ಲಿ ಮೌನ ಬಂದರೆ ನನಗೆ ಭಯವಾಗುತ್ತದೆ’ ಎಂಬಂಥ ಮಾತನ್ನು ತನ್ನನ್ನು ತೂಗುವವರ ಎದುರು ಆಡುವುದು ಕಷ್ಟ. ಮಾನವ ಸಂಪನ್ಮೂಲ ವಿಭಾಗದ್ದೂ ಇದೇ ಮಿತಿ. ಆ ಮಾತನ್ನು ಆಡಲು ಜಾಗ ಸಿಗುವುದು, ಮೌಲ್ಯಮಾಪನದ ಅಧಿಕಾರವೇ ಇಲ್ಲದ ವ್ಯಕ್ತಿ ಎದುರಿಗೆ ಕೂತಾಗ.

ಕೋಚ್ ಎದುರಿನ ಒಂದು ಗಂಟೆ

ಪೀಣ್ಯದ ಮುಖ್ಯಸ್ಥೆಯ ಬಳಿ ಕೋಚ್ ಬಂದರೆ ಮೊದಲ ಕೆಲಸ ಗುರಿ ನಿಶ್ಚಯಿಸುವುದು. ‘ನಾಯಕತ್ವ ಸುಧಾರಿಸಬೇಕು’ ಎಂಬುದು ಗುರಿಯಾಗಲಾರದು. ಆರು ತಿಂಗಳ ನಂತರ ಬೆಳಗಿನ ಸಭೆ ಹೇಗಿರಬೇಕು ಎಂದು ಕೇಳಿದಾಗ ಆಕೆ ಹೇಳುವ ಮಾತು ಗುರಿಯಾಗುತ್ತದೆ: ಸೂಪರ್‌ವೈಸರ್‌ಗಳು ಸಮಸ್ಯೆಯ ಜೊತೆ ತಮ್ಮದೇ ಪರಿಹಾರ ತರಬೇಕು, ತಾನಿಲ್ಲದ ದಿನವೂ ಸಭೆ ನಡೆಯಬೇಕು.

ಆಮೇಲೆ ವಾಸ್ತವದ ಸರದಿ. ಕೋಚ್ ಆಕೆಯ ಒಪ್ಪಿಗೆ ಪಡೆದು ಸಹೋದ್ಯೋಗಿಗಳ, ಕೈಕೆಳಗಿನವರ, ಮೇಲಿನವರ ಅಭಿಪ್ರಾಯ ಸಂಗ್ರಹಿಸಬಹುದು. ಇದನ್ನೇ 360 ಡಿಗ್ರಿ ಫೀಡ್‌ಬ್ಯಾಕ್ ಎನ್ನುವುದು. ಸಭೆಯ ಮೂಲೆಯಲ್ಲಿ ಕೂತು ನೋಡಲೂಬಹುದು. ಬಳಿಕ ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ಇವತ್ತು ಲೇತ್ ವಿಷಯ ಬಂದಾಗ ಸೂಪರ್‌ವೈಸರ್ ಮಾತು ಆರಂಭಿಸಿದರು. ಅವರ ವಾಕ್ಯ ಮುಗಿಯುವ ಮೊದಲೇ ನೀವು ಉತ್ತರ ಹೇಳಿದಿರಿ. ಆ ಕ್ಷಣದಲ್ಲಿ ನಿಮ್ಮೊಳಗೆ ಏನಾಗುತ್ತಿತ್ತು? ನೀವು ಕಾದಿದ್ದರೆ ಏನಾಗಬಹುದಿತ್ತು? ಆಕೆ ಯೋಚಿಸಿ, ಉತ್ತರ ಗೊತ್ತಿದ್ದೂ ಹೇಳದೆ ಕೂತರೆ ತಾನು ಅಲ್ಲಿ ಯಾಕಿದ್ದೇನೆ ಎನಿಸುತ್ತದೆ ಎನ್ನಬಹುದು. ಹದಿನೈದು ವರ್ಷ ಆಕೆಗೆ ಗೌರವ ತಂದುಕೊಟ್ಟ ಗುಣವೇ ಹೊಸ ಹುದ್ದೆಯಲ್ಲಿ ಉಳಿದವರ ಬಾಯಿ ಮುಚ್ಚಿಸುತ್ತಿದೆ ಎಂಬ ಅರಿವು ಆಕೆಯ ಮಾತಿನಿಂದಲೇ ಹೊರಬರುತ್ತದೆ. ಎಕ್ಸಿಕ್ಯುಟಿವ್ ಕೋಚ್ ಮಾರ್ಷಲ್ ಗೋಲ್ಡ್‌ಸ್ಮಿತ್ 2007ರ ತಮ್ಮ ಪುಸ್ತಕದಲ್ಲಿ ವಿಸ್ತರಿಸಿರುವುದು ಈ ವಿಷಯವನ್ನೇ: ಒಬ್ಬರನ್ನು ಇಲ್ಲಿಯವರೆಗೆ ತಂದ ಅಭ್ಯಾಸ ಮುಂದಕ್ಕೂ ಒಯ್ಯುತ್ತದೆ ಎಂಬ ಖಾತರಿಯಿಲ್ಲ.

ಕೊನೆಯಲ್ಲಿ ನಿರ್ಧಾರ. ಮುಂದಿನ ವಾರ ಎರಡು ಸಭೆಗಳನ್ನು ಸೂಪರ್‌ವೈಸರ್‌ಗಳೇ ನಡೆಸುತ್ತಾರೆ, ತಾನು ಕೊನೆಯಲ್ಲಿ ಮಾತ್ರ ಮಾತಾಡುತ್ತೇನೆ ಎಂದು ಆಕೆ ಒಪ್ಪಿಕೊಳ್ಳುತ್ತಾರೆ. ಮುಂದಿನ ಭೇಟಿ ಆರಂಭವಾಗುವುದು ಅದರ ಲೆಕ್ಕದಿಂದ. ಉಪಾಯ ಆಕೆಯದೇ ಆದ್ದರಿಂದ ಅದನ್ನು ನಡೆಸುವ ಮನಸ್ಸೂ ಆಕೆಗಿರುತ್ತದೆ. ಸೋತರೆ ಯಾಕೆ ಸೋತಿತು ಎಂದು ನೋಡುವ ಕುತೂಹಲವೂ ಇರುತ್ತದೆ. ಕೋಚ್ ಸಿದ್ಧ ಉತ್ತರ ಕೊಡದಿರುವುದರ ಹಿಂದಿನ ಕಾರಣ ಇದು.

ಗೆರೆಗಳು ಯಾವಾಗಲೂ ಇಷ್ಟು ನೇರವಾಗಿರುವುದಿಲ್ಲ. ಶಸ್ತ್ರವೈದ್ಯ ಅತುಲ್ ಗವಾಂಡೆ 2011ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ತಮ್ಮ ಗುರುಗಳಾಗಿದ್ದ ನಿವೃತ್ತ ಶಸ್ತ್ರವೈದ್ಯ ರಾಬರ್ಟ್ ಆಸ್ಟೀನ್ ಅವರನ್ನು ಆಪರೇಷನ್ ಥಿಯೇಟರಿಗೆ ಕೋಚ್ ಆಗಿ ಕರೆದ ಕಥೆ ಹೇಳಿದ್ದಾರೆ. ಚೆನ್ನಾಗಿ ಮುಗಿಯಿತು ಎಂದುಕೊಂಡಿದ್ದ ಶಸ್ತ್ರಚಿಕಿತ್ಸೆಯಲ್ಲಿ ಆಸ್ಟೀನ್ ಹಲವು ಸಣ್ಣ ವಿಷಯ ಗುರುತು ಮಾಡಿಕೊಂಡಿದ್ದರು. ಗವಾಂಡೆ ಅವರ ಮೊಣಕೈ ಆಗಾಗ ಹೆಗಲ ಎತ್ತರಕ್ಕೆ ಏರುತ್ತಿತ್ತು. ದೀಪ ಗಾಯದ ಮೇಲಿಂದ ಸರಿದಿತ್ತು. ರೋಗಿಯನ್ನು ಮಲಗಿಸಿದ ರೀತಿ ಗವಾಂಡೆ ಅವರಿಗೆ ಅನುಕೂಲವಾಗಿತ್ತು, ಎದುರು ನಿಂತ ಸಹಾಯಕರಿಗೆ ಅನುಕೂಲವಾಗಿರಲಿಲ್ಲ. ಆಸ್ಟೀನ್ ಅದೇ ವೃತ್ತಿಯ ಹಿರಿಯರಾದ್ದರಿಂದ ಇದರಲ್ಲಿ ಮೆಂಟರ್‌ನ ಅಂಶವೂ ಇತ್ತು. ಗೂಗಲ್‌ನ ಎರಿಕ್ ಶ್ಮಿಟ್, ಆಪಲ್‌ನ ಸ್ಟೀವ್ ಜಾಬ್ಸ್ ಮುಂತಾದವರಿಗೆ ಕೋಚ್ ಆಗಿದ್ದ ಬಿಲ್ ಕ್ಯಾಂಪ್‌ಬೆಲ್ ಕೂಡ ಹಾಗೆಯೇ. ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್ಬಾಲ್ ತಂಡದ ಕೋಚ್ ಆಗಿದ್ದವರು, ಮುಂದೆ ಇಂಟ್ಯೂಟ್ ಕಂಪನಿಯ ಸಿಇಒ ಆದವರು. ಅನುಭವಿ ಮುಖ್ಯಸ್ಥನಾದ ತನಗೆ ಕೋಚ್ ಯಾಕೆ ಎಂದು ಮೊದಲು ಹಿಂಜರಿದಿದ್ದ ಶ್ಮಿಟ್, ಮುಂದೆ ಕೋಚ್ ಇಟ್ಟುಕೊಳ್ಳಿ ಎಂಬುದೇ ತನಗೆ ಸಿಕ್ಕ ಅತ್ಯುತ್ತಮ ಸಲಹೆ ಎಂದು ಹೇಳಿಕೊಂಡರು.

ಆಪ್ತಸಮಾಲೋಚನೆ ಮತ್ತು ಚಿಕಿತ್ಸೆ: ದಾಟಬಾರದ ಗೆರೆ

ಎಲ್ಲ ವ್ಯತ್ಯಾಸಗಳಲ್ಲಿ ಅತ್ಯಂತ ಮಹತ್ವದ್ದು ಕೋಚಿಂಗ್ ಮತ್ತು ಮಾನಸಿಕ ಚಿಕಿತ್ಸೆಯ ನಡುವಿನದು. ಚಿಕಿತ್ಸೆ ಹಿಂದಿನದನ್ನು ನೋಡುತ್ತದೆ, ಕೋಚಿಂಗ್ ಮುಂದಿನದನ್ನು ನೋಡುತ್ತದೆ ಎಂಬ ವಿವರಣೆ ಎಲ್ಲೆಡೆ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. 1960ರ ದಶಕದಲ್ಲಿ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆ ಹೆಚ್ಚಾಗಿ ಇಂದಿನ ಯೋಚನೆ, ಇಂದಿನ ನಡವಳಿಕೆಯ ಮೇಲೆಯೇ ಕೆಲಸ ಮಾಡುತ್ತದೆ. ನಿಜವಾದ ಗೆರೆ ಆರೋಗ್ಯದ್ದು. ನೋವು, ಕಾಯಿಲೆ ಅಥವಾ ಬದುಕನ್ನೇ ತಡೆಹಿಡಿಯುವ ಮಾನಸಿಕ ತೊಂದರೆಯನ್ನು ಗುರುತಿಸಿ ಶಮನ ಮಾಡುವುದು ಚಿಕಿತ್ಸೆ. ಮಾನಸಿಕವಾಗಿ ಸ್ವಸ್ಥರಾಗಿರುವವರು ತಮ್ಮ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಲು ಪಡೆಯುವುದು ಕೋಚಿಂಗ್.

ಪೀಣ್ಯದ ಮುಖ್ಯಸ್ಥೆಗೆ ಎರಡು ವಾರಕ್ಕೂ ಮೀರಿ ಬಹುತೇಕ ದಿನವಿಡೀ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಎದೆ ಹೊಡೆದುಕೊಂಡು ಉಸಿರು ಕಟ್ಟಿದಂತಾಗುತ್ತಿದ್ದರೆ, ಬದುಕು ಸಾಕು ಎನಿಸಿದ್ದರೆ, ಆಕೆ ನೋಡಬೇಕಾದವರು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ಕೆಲಸದ ಬಳಲಿಕೆ, ಅಂದರೆ ಬರ್ನ್‌ಔಟ್, ಎರಡರ ಗಡಿಯಲ್ಲಿ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ ಅದನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ದಾಖಲಿಸಿದೆ. ಆದರೆ ಬಳಲಿಕೆಯ ಹಿಂದೆ ಖಿನ್ನತೆ ಅಡಗಿರಬಹುದು. ಅದನ್ನು ಗುರುತಿಸಲು ತಕ್ಕ ವಿದ್ಯೆ ಬೇಕು.

ಮನೋವಿಜ್ಞಾನಿ ಸ್ಟೀವನ್ ಬರ್ಗ್ಲಾಸ್ 2002ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ ಎಚ್ಚರಿಸಿದ್ದು ಇದನ್ನೇ. ಮಾನಸಿಕ ಸಮಸ್ಯೆಯನ್ನು ಗುರುತಿಸಲು ಬಾರದ ಕೋಚ್ ಮೇಲ್ನೋಟದ ನಡವಳಿಕೆಯನ್ನು ತಿದ್ದಲು ಹೊರಟು ಸ್ಥಿತಿಯನ್ನು ಇನ್ನಷ್ಟು ಕೆಡಿಸಬಹುದು ಎಂದು ಅವರು ವಾದಿಸಿದರು. ಅದೇ ಪತ್ರಿಕೆ 2009ರಲ್ಲಿ 140 ಕೋಚ್‌ಗಳನ್ನು ವಿಚಾರಿಸಿದಾಗ, ಖಾಸಗಿ ಬದುಕಿನ ಸಮಸ್ಯೆಗೆಂದೇ ತಮ್ಮನ್ನು ನೇಮಿಸಿದ್ದರು ಎಂದವರು ಶೇ 3 ಮಾತ್ರ. ಆದರೆ ಅಂಥ ಸಮಸ್ಯೆಗಳಲ್ಲಿ ತಾವು ನೆರವಾದದ್ದುಂಟು ಎಂದವರು ಶೇ 76. ಮಾತು ಗೆರೆ ದಾಟುವುದು ಸಹಜ ಎಂದಾಯಿತು. ಒಳ್ಳೆಯ ಕೋಚ್ ಆ ಕ್ಷಣವನ್ನು ಗುರುತಿಸಿ, ಮಾತು ನಿಲ್ಲಿಸಿ, ಸರಿಯಾದವರ ಬಳಿ ಕಳಿಸುತ್ತಾರೆ.

ಕರ್ನಾಟಕದಲ್ಲಿ ಅಂಥ ನೆರವಿಗೆ ನೆಲೆ ಗಟ್ಟಿಯಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ದೇಶದ ಪ್ರಮುಖ ಮಾನಸಿಕ ಆರೋಗ್ಯ ಸಂಸ್ಥೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ ಅದೇ ಕೇಂದ್ರ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.

ಮೂವರ ಒಪ್ಪಂದ

ಚಿಕಿತ್ಸೆಯಲ್ಲಿ ಇಬ್ಬರಿರುತ್ತಾರೆ, ಎಕ್ಸಿಕ್ಯುಟಿವ್ ಕೋಚಿಂಗ್‌ನಲ್ಲಿ ಮೂವರು: ಕೋಚ್, ಕೋಚಿಂಗ್ ಪಡೆಯುವವರು, ಹಣ ಕೊಡುವ ಸಂಸ್ಥೆ. ಐಸಿಎಫ್‌ನ ನೀತಿ ಸಂಹಿತೆ ಮಾತಾಡುವ ಕಕ್ಷಿದಾರರನ್ನೂ ಹಣ ಕೊಡುವ ಪ್ರಾಯೋಜಕರನ್ನೂ ಬೇರೆ ಬೇರೆಯಾಗಿ ಗುರುತಿಸಿ, ಯಾವ ಮಾಹಿತಿ ಯಾರಿಗೆ ಹೋಗುತ್ತದೆ ಎಂಬುದು ಮೊದಲೇ ಸ್ಪಷ್ಟವಾಗಬೇಕು ಎನ್ನುತ್ತದೆ. ಸಾಮಾನ್ಯ ಕ್ರಮ ಹೀಗಿದೆ: ಗುರಿಗಳನ್ನು ಮೂವರೂ ಸೇರಿ ಒಪ್ಪುತ್ತಾರೆ, ಭೇಟಿಗಳು ನಡೆದಿವೆಯೇ ಎಂಬುದು ಸಂಸ್ಥೆಗೆ ತಿಳಿಯುತ್ತದೆ, ಕೋಣೆಯೊಳಗಿನ ಮಾತು ಹೊರಗೆ ಹೋಗುವುದಿಲ್ಲ, ಪ್ರಗತಿಯ ವಿವರವನ್ನು ಕೋಚಿಂಗ್ ಪಡೆಯುವವರೇ ಹೇಳುತ್ತಾರೆ.

ಈ ಗೋಪ್ಯತೆಯ ಬಲ ಒಪ್ಪಂದದ ಬಲ ಮಾತ್ರ. ಚಿಕಿತ್ಸೆಯ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ವ್ಯಕ್ತಿಯ ಹಕ್ಕಾಗಿಸಿದೆ. ಕೋಚಿಂಗ್‌ಗೆ ಅಂಥ ಕಾನೂನಿನ ರಕ್ಷಣೆ ಇಲ್ಲ. ಹಾಗಾಗಿ ಒಪ್ಪಂದವನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳುವುದು ಅಗತ್ಯ.

ಅರ್ಹತೆ ಮತ್ತು ಆಧಾರ

ಮನೋವೈದ್ಯರು ವೈದ್ಯಕೀಯ ಪದವಿ ಪಡೆದು ನೋಂದಾಯಿಸಿಕೊಂಡಿರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವುದು 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತು. ಕೋಚ್ ಆಗಲು ಭಾರತದಲ್ಲಿ ಪರವಾನಗಿ ಬೇಕಿಲ್ಲ. ಯಾರು ಬೇಕಾದರೂ ಫಲಕ ಹಾಕಿಕೊಳ್ಳಬಹುದು. ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುವುದು ಐಸಿಎಫ್‌ನಂಥ ಸಂಸ್ಥೆಗಳ ಸ್ವಯಂಪ್ರೇರಿತ ಪ್ರಮಾಣಪತ್ರ. ಅದರ ಮೊದಲ ಹಂತಕ್ಕೆ 60 ಗಂಟೆಗಳ ತರಬೇತಿ, 100 ಗಂಟೆಗಳ ಕೋಚಿಂಗ್ ಅನುಭವ ಬೇಕು. ಎರಡನೆಯ ಹಂತಕ್ಕೆ 125 ಮತ್ತು 500 ಗಂಟೆ. ಅತ್ಯುನ್ನತ ಹಂತಕ್ಕೆ 200 ಮತ್ತು 2,500 ಗಂಟೆ.

ಕೋಚಿಂಗ್‌ನಿಂದ ಪ್ರಯೋಜನವಿದೆಯೇ ಎಂಬುದಕ್ಕೂ ಅಧ್ಯಯನಗಳ ಆಧಾರ ಬೆಳೆಯುತ್ತಿದೆ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೆಲಸದ ಗುಣಮಟ್ಟ, ನೆಮ್ಮದಿ, ಒತ್ತಡ ನಿಭಾಯಿಸುವ ಶಕ್ತಿ, ಕೆಲಸದ ಬಗೆಗಿನ ಧೋರಣೆ, ಗುರಿಯತ್ತ ತನ್ನನ್ನು ತಾನು ನಡೆಸಿಕೊಳ್ಳುವ ಸಾಮರ್ಥ್ಯ, ಈ ಐದರಲ್ಲೂ ಒಳ್ಳೆಯ ಪರಿಣಾಮ ಕಂಡಿತು. ಒಬ್ಬೊಬ್ಬರ ಮಟ್ಟದಲ್ಲಿ ಅಳೆಯಲು ಗೋಲ್ಡ್‌ಸ್ಮಿತ್ ಅನುಸರಿಸುವ ದಾರಿ ನೇರವಾದದ್ದು: ಆ ವ್ಯಕ್ತಿ ಬದಲಾಗಿದ್ದಾರೋ ಇಲ್ಲವೋ ಎಂದು ಹೇಳುವವರು ಸುತ್ತ ಕೆಲಸ ಮಾಡುವವರು. ಅವರು ಸುಧಾರಣೆ ಕಂಡಿಲ್ಲ ಎಂದರೆ ಶುಲ್ಕವನ್ನೇ ಪಡೆಯದ ಒಪ್ಪಂದ ಗೋಲ್ಡ್‌ಸ್ಮಿತ್ ಅವರದು.

ಆರಿಸಿಕೊಳ್ಳುವುದು ಹೇಗೆ

ನೆರವು ಹುಡುಕುವವರು ಮೊದಲು ತಮ್ಮ ಅಗತ್ಯವನ್ನು ಗುರುತಿಸಿಕೊಳ್ಳಬೇಕು. ಸಮಸ್ಯೆ ಯಂತ್ರದ್ದೋ ವ್ಯವಸ್ಥೆಯದ್ದೋ ಆಗಿದ್ದರೆ ಕನ್ಸಲ್ಟಂಟ್ ಬೇಕು. ಕೌಶಲವೇ ಗೊತ್ತಿಲ್ಲದಿದ್ದರೆ ತರಬೇತಿ. ಕ್ಷೇತ್ರದ ಒಳಗುಟ್ಟು, ಸಂಪರ್ಕ, ಹಿರಿಯರ ಆಸರೆ ಬೇಕಿದ್ದರೆ ಮೆಂಟರ್. ಮನಸ್ಸು ನೊಂದಿದ್ದರೆ ಚಿಕಿತ್ಸೆ, ಅದೂ ತಡಮಾಡದೆ. ಏನು ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗದಿದ್ದಾಗ, ಹುದ್ದೆ ಬದಲಾಗಿ ಹಳೆಯ ಅಭ್ಯಾಸ ಕಾಲಿಗೆ ತೊಡರುವಾಗ, ದೊಡ್ಡ ನಿರ್ಧಾರದ ಮುಂದೆ ಮನಬಿಚ್ಚಿ ಯೋಚಿಸಲು ಸುತ್ತ ಯಾರೂ ಇಲ್ಲದಾಗ ಕೋಚ್. ಒಬ್ಬರಿಗೇ ಏಕಕಾಲಕ್ಕೆ ಎರಡು ನೆರವು ಬೇಕಾಗುವುದೂ ಉಂಟು. ಚಿಕಿತ್ಸೆ ಪಡೆಯುತ್ತಿರುವವರು ಚಿಕಿತ್ಸಕರ ಅರಿವಿನಲ್ಲಿ ಕೋಚಿಂಗ್ ಪಡೆಯಬಹುದು, ಎರಡೂ ಕೆಲಸವನ್ನು ಒಬ್ಬರೇ ಮಾಡಬಾರದು.

ಕೋಚ್‌ನನ್ನು ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವೇ. ತರಬೇತಿ ಎಲ್ಲಿ ಪಡೆದಿರಿ, ಎಷ್ಟು ಗಂಟೆ ಕೋಚಿಂಗ್ ಮಾಡಿದ್ದೀರಿ? ನಾನು ಹೇಳಿದ್ದರಲ್ಲಿ ನನ್ನ ಸಂಸ್ಥೆಗೆ ಏನು ತಿಳಿಯುತ್ತದೆ? ನನಗೆ ಬೇಕಿರುವುದು ಚಿಕಿತ್ಸೆ ಎಂದು ಕಂಡರೆ ಏನು ಮಾಡುತ್ತೀರಿ? ಪ್ರಗತಿಯನ್ನು ಹೇಗೆ ಅಳೆಯುತ್ತೀರಿ? ಕೋಚಿಂಗ್ ಯಾವಾಗ ಮುಗಿಯುತ್ತದೆ? ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುವವರನ್ನು ನಂಬಬಹುದು. ಉತ್ತರ ಕಂಡುಕೊಳ್ಳುವ ಅಭ್ಯಾಸವನ್ನು ಕೋಚಿಂಗ್ ಪಡೆಯುವವರಲ್ಲಿಯೇ ಬೆಳೆಸುವುದು ಕೋಚ್‌ನ ಕೆಲಸವಾದ್ದರಿಂದ, ಕೋಚ್‌ನ ಅಗತ್ಯವೇ ಇಲ್ಲದಂತಾಗುವುದು ಆ ಕೆಲಸ ಸರಿಯಾಗಿ ನಡೆದಿದೆ ಎಂಬುದರ ಗುರುತು.